ಗಂಡನ ಕೆನ್ನೆಯ ಮೇಲೆ ಕಲಿತ ಕೆಲಸ

ನಾನು ಕ್ಷೌರ ಮಾಡಲು ಕಲಿತದ್ದು ನನ್ನ ಗಂಡನ ಮುಖದ ಮೇಲೆ. ಹೆಂಗಸರ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವವಳಿಗೆ ಗಂಡಸರ ಗಡ್ಡದ ಉಸಾಬರಿ ಯಾಕೆ ಎಂದು ಗೊತ್ತಿದ್ದವರೆಲ್ಲ ಕೇಳಿದರು. ಕುಂದಾಪುರದಿಂದ ವೀಡಿಯೊ ಕಾಲ್ ಮಾಡುತ್ತಿದ್ದ ಅಮ್ಮನಂತೂ ಕತ್ತಿಯನ್ನು ನೋಡಿದ ದಿನ ಫೋನನ್ನೇ ದೂರ ಹಿಡಿದರು.

ಅದಕ್ಕೆಲ್ಲ ಕಾರಣ ನಮ್ಮ ಮೇಡಂ. ಬಹರೈನಿನ ಮುಹರ್ರಕ್‌ನ ಹಳೇ ಪೇಟೆಯ ಹಿಂಬದಿಯಲ್ಲಿ ಅವರ ಸಲೂನು. ಹೊರಗೊಂದು ಬೋರ್ಡು, ಒಳಗೆ ದಪ್ಪ ಪರದೆ, ಪರದೆಯಾಚೆ ಬರೀ ಹೆಂಗಸರು. ನಾನು ಅಲ್ಲಿ ಥ್ರೆಡಿಂಗ್, ಫೇಶಿಯಲ್ ಮಾಡುತ್ತಿದ್ದೆ. ಮೇಡಂ ಬಹರೈನಿನವರೇ. ಐವತ್ತು ದಾಟಿದ್ದರೂ ಒಂದು ಕಡೆ ಕೂತದ್ದನ್ನು ನಾನು ಕಂಡದ್ದಿಲ್ಲ. ಫೋನು ಕಿವಿಯಲ್ಲೇ ಇರುತ್ತಿತ್ತು, ಕಾರಿನ ಕೀ ಬೆರಳಲ್ಲೇ ತಿರುಗುತ್ತಿತ್ತು. ಆ ವರ್ಷ ಅವರು ಅಕ್ಕತಂಗಿಯರ ಜೊತೆ ಜಪಾನಿಗೆ ಪ್ರವಾಸ ಹೋಗಿದ್ದರು. ಅಲ್ಲಿನ ಯಾವುದೋ ಸಣ್ಣ ಊರಿನಲ್ಲಿ, ಕ್ಷೌರದ ಅಂಗಡಿಯ ಮುದುಕಿಯೊಬ್ಬಳು ಇವರ ಮುಖಕ್ಕೆ ನೊರೆ ಹಚ್ಚಿ, ಕತ್ತಿಯಿಂದ ನವಿರುಗೂದಲನ್ನೆಲ್ಲ ಎತ್ತಿ ತೆಗೆದಳಂತೆ. ಅಲ್ಲಿ ಮದುಮಗಳಿಗೂ ಹಾಗೆ ಮಾಡುತ್ತಾರಂತೆ.

ಮರಳಿ ಬಂದ ಮರುದಿನವೇ ಮೇಡಂ ನನ್ನ ಮುಂದೆ ಒಂದು ಉದ್ದನೆಯ ಮರದ ಪೆಟ್ಟಿಗೆ ಇಟ್ಟರು. ಹಿಂದಿಗೆ ಅರಬಿ ಬೆರೆಸಿ ಮಾತಾಡುವುದು ಅವರ ರೀತಿ. "ನನ್ನ ಕೆನ್ನೆ ಮುಟ್ಟಿ ನೋಡು. ಮುಟ್ಟು, ಮುಟ್ಟು! ಮಗುವಿನ ಕೆನ್ನೆ ಹಾಗೆ ಇಲ್ಲವಾ? ಮದುವೆ ಸೀಸನ್ ಬರುವುದರೊಳಗೆ ನೀನು ಇದನ್ನು ಕಲಿತಿರಬೇಕು. ಯಲ್ಲಾ, ಬೇಗ ಬೇಗ!"

ಪೆಟ್ಟಿಗೆಯೊಳಗಿದ್ದ ಕತ್ತಿ ನಾನು ಕಂಡಿದ್ದ ಯಾವ ಕ್ಷೌರದ ಕತ್ತಿಯ ಹಾಗೂ ಇರಲಿಲ್ಲ. ಊರಿನಲ್ಲಿ ಅಪ್ಪನಿಗೆ ಕ್ಷೌರ ಮಾಡುತ್ತಿದ್ದವರ ಕತ್ತಿ ಮಡಚಿ ಹಿಡಿಯೊಳಗೆ ಸೇರುತ್ತಿತ್ತು. ಇದು ಮಡಚುವುದಿಲ್ಲ. ಬಾಯಿಯಿಂದ ಬಾಲದವರೆಗೆ ಒಂದೇ ಉಕ್ಕು; ಹಿಡಿಯುವಲ್ಲಿ ಸಪುರ ಬೆತ್ತದ ಪಟ್ಟಿ ಸುತ್ತಿತ್ತು. ಅಲಗು ಗಿಡ್ಡ. ಅದರ ಎರಡು ಮೈಗಳು ಒಂದೇ ಹಾಗಿರಲಿಲ್ಲ. ಒಂದು ಹೆಚ್ಚು ತಗ್ಗು, ಇನ್ನೊಂದು ಹೆಚ್ಚುಕಡಿಮೆ ಚಪ್ಪಟೆ. ಯಾವಾಗಲೂ ಒಂದೇ ಮೈಯನ್ನು ಚರ್ಮದ ಕಡೆಗೆ ಹಿಡಿಯಬೇಕು, ತಿರುಗಿಸುವಂತಿಲ್ಲ. ಅಂದರೆ ಬಲಗೆನ್ನೆಗೆ ಸಲೀಸಾಗಿ ಬರುವ ಕೈ ಎಡಗೆನ್ನೆಗೆ ಬರುವಾಗ ಸೊಟ್ಟಗಾಗುತ್ತದೆ. ಕತ್ತಿಯ ಜೊತೆ ಒಂದು ಸಾಣೆಕಲ್ಲು, ತೀಡಲಿಕ್ಕೆ ಒಂದು ಚರ್ಮದ ಪಟ್ಟಿ ಇತ್ತು. ಹೇಗೆ ಮಾಡಬೇಕು ಎಂದು ಕೇಳಿದರೆ ಮೇಡಂ ಫೋನಿನಲ್ಲಿ ಒಂದಿಷ್ಟು ವೀಡಿಯೊ ಕಳಿಸಿದರು. ಎಲ್ಲವೂ ಜಪಾನಿ ಭಾಷೆಯವು.

ನನ್ನ ಕೈಗೆ ಅಭ್ಯಾಸವಿದ್ದದ್ದು ನೂಲು. ಒಂದು ತುದಿ ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿಕೊಂಡು ಬೇಕಾದರೂ ಹುಬ್ಬು ತೆಗೆಯುತ್ತಿದ್ದೆ. ನೂಲು ತಪ್ಪಿದರೆ ಗಿರಾಕಿ "ಆಹ್" ಎನ್ನುತ್ತಾಳೆ, ಅಷ್ಟೆ. ಕತ್ತಿ ತಪ್ಪಿದರೆ? ಮೊದಲು ನನ್ನ ಕೈಯ ರೋಮ ತೆಗೆದು ನೋಡಿದೆ, ಆಮೇಲೆ ಮೊಣಕಾಲು. ಸಲೂನಿನ ಫಿಲಿಪೀನ್ಸಿನ ಹುಡುಗಿಯರು ಕತ್ತಿ ಕಂಡರೆ ಸಾಕು, ಟವಲು ಮುಖಕ್ಕೆ ಮುಚ್ಚಿಕೊಂಡು ಓಡುತ್ತಿದ್ದರು. ಇನ್ನು ಉಳಿದವರು ಮನೆಯವರು.

ನಾವಿದ್ದದ್ದು ಮುಹರ್ರಕ್ ಸೇತುವೆಯಾಚೆ, ಉಮ್ ಅಲ್ ಹಸ್ಸಮ್‌ನ ಹಳೆಯ ಕಟ್ಟಡವೊಂದರಲ್ಲಿ. ನನ್ನ ಗಂಡನ ಕಂಪೆನಿ ಕೊಟ್ಟ ಫ್ಲ್ಯಾಟು. ಅವರು ಹಡಗಿನ ಸರಕು ನೋಡಿಕೊಳ್ಳುವ ಆಫೀಸಿನಲ್ಲಿ ಮ್ಯಾನೇಜರು. ಅವರದು ಮೂಡುಬಿದಿರೆ ಕಡೆ, ಮನೆಮಾತು ತುಳು. ನನ್ನದು ಕುಂದಾಪುರದ ಕನ್ನಡ. ಅವರ ತುಳು ನನಗೆ ಬರುವುದಿಲ್ಲ, ನನ್ನ ಕನ್ನಡ ಕೇಳಿದರೆ ಅವರು ನಗುತ್ತಾರೆ. ಹಾಗಾಗಿ ಮದುವೆಯಾದಾಗಿನಿಂದ ಇಬ್ಬರೂ ಮಂಗಳೂರು ಕಡೆಯ ಕನ್ನಡಕ್ಕೆ ಒಗ್ಗಿಕೊಂಡಿದ್ದೇವೆ. ಮಗಳು ನಾಲ್ಕನೇ ಕ್ಲಾಸು, ಅವಳದು ಇಂಗ್ಲಿಷೇ.

"ಎಂತ, ನನ್ನ ಮುಖವಾ?" ಎಂದರು ಅವರು, ಕೇಳಿದಾಗ. "ನಾಳೆ ಆಫೀಸಿಗೆ ಹೋಗ್ಲಿಕ್ಕುಂಟು ಮಾರಾಯ್ತಿ."

"ಹೋಗುವ ಮೊದಲೇ ಮಾಡ್ತೇನೆ. ಹೇಗೂ ದಿನಾ ಕೆರೆದುಕೊಳ್ತೀರಲ್ಲ, ನಿಮಗೆ ಅಷ್ಟು ಕೆಲಸ ಉಳೀತದೆ."

"ಸಲ್ಮಾನಿಯಾ ಆಸ್ಪತ್ರೆಗೆ ಫೋನ್ ಮಾಡಿಟ್ಟುಕೊಳ್ಬೇಕಾ ಈಗಲೇ?"

ತಮಾಷೆ ಮಾಡಿದರೂ ಕೂತರು. ಬೆಳಗ್ಗೆ ಮಗಳ ಶಾಲೆಯ ವ್ಯಾನು ಹೋದ ಕೂಡಲೇ ಬಾಲ್ಕನಿಯ ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿ, ತಲೆಯನ್ನು ನನ್ನ ಹೊಟ್ಟೆಗೆ ಒರಗಿಸಿಕೊಂಡು ಶುರು ಮಾಡುತ್ತಿದ್ದೆವು. ಬಿಸಿನೀರಿನ ಟವಲು, ಆಮೇಲೆ ಸೋಪಿನ ನೊರೆ. ಎಡಗೈ ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿಯಬೇಕು; ಕತ್ತಿಯನ್ನು ಹೆಚ್ಚುಕಡಿಮೆ ಮಲಗಿಸಿಯೇ ನಡೆಸಬೇಕು; ಒತ್ತಬಾರದು. ವೀಡಿಯೊದಲ್ಲಿ ಆ ಜಪಾನಿನವರ ಕೈ ಕೆನ್ನೆಯ ಮೇಲೆ ಗುಡಿಸಿದ ಹಾಗೆ ಹೋಗುತ್ತಿತ್ತು. ನನ್ನದು ಹೆಜ್ಜೆಹೆಜ್ಜೆಗೂ ನಿಲ್ಲುತ್ತಿತ್ತು. ನಿಂತಲ್ಲೆಲ್ಲ ಒಂದು ಕೆಂಪು ಚುಕ್ಕೆ.

ಮೊದಲ ವಾರ ಅವರು ಆಫೀಸಿಗೆ ಟಿಶ್ಯೂ ಪೇಪರಿನ ತುಂಡುಗಳನ್ನು ಅಂಟಿಸಿಕೊಂಡೇ ಹೋದರು. ಒಂದು ದಿನ ವ್ಯಾನು ತಡವಾಗಿ, ಅಪ್ಪನನ್ನು ನೋಡಿದ ಮಗಳು "ಅಮ್ಮಾ, ಪಪ್ಪಾ ಈಸ್ ಲೀಕಿಂಗ್!" ಎಂದು ಕೂಗಿ, ಆ ಮಾತಿಗೆ ತಾನೇ ನಗಲು ಶುರು ಮಾಡಿದಳು. ಅವರ ಆಫೀಸಿನ ಪಾಕಿಸ್ತಾನದ ಡ್ರೈವರು ಗಂಭೀರವಾಗಿ, "ಭಾಯಿಸಾಬ್, ಮನೆಯಲ್ಲಿ ಬೆಕ್ಕು ಸಾಕಿದ್ದೀರಾ?" ಎಂದು ಕೇಳಿದನಂತೆ. ಸಂಜೆ ಬಂದು ಅದನ್ನು ಹೇಳುವಾಗ ಇವರಿಗೆ ನಗು. ಆದರೂ ಮರುದಿನ ಬೆಳಗ್ಗೆ ಕುರ್ಚಿ ತಂದು ಹಾಕುವವರು ಅವರೇ.

ನನಗೆ ನಗು ಬರುತ್ತಿರಲಿಲ್ಲ. ಆ ದಿನಗಳಲ್ಲಿ ನಾನು ಎಲ್ಲಿಯೂ ನೆಟ್ಟಗೆ ಕೂತಿರಲಿಲ್ಲ. ಬಸ್ಸಿನಲ್ಲಿ ಮುಹರ್ರಕ್ ಸೇತುವೆ ದಾಟುವಾಗ ಬೆರಳುಗಳು ಮಡಿಲಿನ ಚೀಲದ ಮೇಲೆ ಕತ್ತಿ ನಡೆಸುತ್ತಿದ್ದವು. ಸಲೂನಿನಲ್ಲಿ ಗಿರಾಕಿಗಳ ಮುಖ ನೋಡಿದರೆ ರೋಮ ಯಾವ ದಿಕ್ಕಿಗೆ ಬೆಳೆದಿದೆ ಎಂದೇ ಕಾಣುತ್ತಿತ್ತು. ಮೇಡಂ ದಿನಕ್ಕೊಮ್ಮೆ ಬಂದು "ಆಯಿತಾ? ಬಂತಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಹೋಗುತ್ತಿದ್ದರು. ಮಸೆಯುವುದು ಇನ್ನೊಂದು ಕಷ್ಟ. ಕಲ್ಲಿಗೆ ನೀರು ಹಾಕಿ, ಕತ್ತಿಯನ್ನು ಚಪ್ಪಟೆಯಾಗಿ ಇಟ್ಟು ತಿಕ್ಕಬೇಕು. ಒಂದು ಮೈಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಅವಸರದಲ್ಲಿ ಒಂದು ಸಲ ಚರ್ಮದ ಪಟ್ಟಿಯನ್ನೇ ಸೀಳಿಬಿಟ್ಟೆ. ಅಮ್ಮ ಫೋನಿನಲ್ಲಿ ಅದನ್ನೆಲ್ಲ ನೋಡಿ, "ಹೆಣೆ, ಹೆಂಗ್ಸರ್ ಮೋರಿಗ್ ಕತ್ತಿ ಹಾಕಿರೆ ಗಡ್ಡ ಬತ್ತಿಲ್ಯಾ?" ಎಂದು ಕೇಳಿದರು. ಹೆಂಗಸಿನ ಮುಖಕ್ಕೆ ಗಡ್ಡ ಬರುವುದಿಲ್ಲ ಎಂದು ತೋರಿಸಲಿಕ್ಕೆ ನಾನು ನನ್ನದೇ ಕೆನ್ನೆಗೆ ಕತ್ತಿ ಹಾಕಿದೆ. ಕನ್ನಡಿಯಲ್ಲಿ ಕೈ ಅತ್ತ ಹೋಗೆಂದರೆ ಇತ್ತ ಬರುತ್ತಿತ್ತು. ಆದರೆ ತೊಳೆದ ಮೇಲೆ ಮುಟ್ಟಿಕೊಂಡಾಗ ಮೇಡಂ ಯಾಕೆ ಅಷ್ಟು ಹಾರಾಡಿದ್ದರೆಂದು ಗೊತ್ತಾಯಿತು.

ನಿಧಾನಕ್ಕೆ ಗಂಡನ ಬಲಗೆನ್ನೆ ಒಲಿಯಿತು. ಆಮೇಲೆ ಕುತ್ತಿಗೆ. ಕತ್ತಿ ಸರಿಯಾಗಿ ನಡೆದಾಗ ಒಂದು ಸಣ್ಣ ಶಬ್ದ ಬರುತ್ತದೆ, ಒಣಗಿದ ಎಲೆಯ ಮೇಲೆ ಉಗುರು ಎಳೆದ ಹಾಗೆ. ಆ ಶಬ್ದ ಬಂದರೆ ಸಾಕು, ಗಾಯ ಆಗುವುದಿಲ್ಲ ಎಂದು ಧೈರ್ಯ. ಎಡಗೆನ್ನೆಯ ಮೇಲೂ ಬರತೊಡಗಿತು. ಬಾರದೇ ಇದ್ದದ್ದು ದವಡೆಯ ಮೂಲೆಯಲ್ಲಿ ಮಾತ್ರ, ಕಿವಿಯ ಕೆಳಗೆ. ಅಲ್ಲಿ ದಿನವೂ ಒಂದು ಗಾಯ. ಮೊದಲು ನನ್ನ ಕೈಯದೇ ತಪ್ಪೆಂದುಕೊಂಡೆ. ಒಂದು ದಿನ ಹೆಬ್ಬೆರಳು ಇಟ್ಟು ನೋಡಿದರೆ ಆ ಜಾಗ ಕಲ್ಲಿನ ಹಾಗಿತ್ತು. ಅವರು ಹಲ್ಲು ಕಚ್ಚಿಕೊಂಡು ಕೂತಿದ್ದರು.

"ಹೆದರಿಕೆಯಾ?" ಎಂದು ಕೇಳಿದೆ.

"ಇಲ್ಲ."

"ಮತ್ತೆ ಎಂತಕ್ಕೆ ಹಲ್ಲು ಕಚ್ಚುದು? ಬಿಡಿ. ಸಡಿಲ ಬಿಡಿ."

ಬಿಟ್ಟರು. ನಾನು ಕತ್ತಿ ಎತ್ತುವಷ್ಟರಲ್ಲಿ ಮತ್ತೆ ಗಂಟು ಕಟ್ಟಿತು. ಮರುದಿನವೂ ಹಾಗೆಯೇ. ಮದುವೆಯಾಗಿ ಇಷ್ಟು ವರ್ಷವಾದರೂ ಅವರ ಮುಖವನ್ನು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ನಾನು ನೋಡಿರಲಿಲ್ಲ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ನಗುವಾಗಲೂ ಹಣೆಯ ಗೆರೆ ಬಿಡುತ್ತಿರಲಿಲ್ಲ.

ಕೇಳಿದ್ದು ಒಂದು ಗುರುವಾರ. ಬಲಗಡೆ ಪೂರ್ತಿ ಮುಗಿದಿತ್ತು. ಎಡಗಡೆಯ ನೊರೆ ಹಾಗೇ ಇತ್ತು. ದವಡೆಯ ಮೇಲೆ ಬೆರಳಿಟ್ಟು, "ಆಫೀಸಿನಲ್ಲಿ ಎಂತದೋ ಉಂಟು. ಹೇಳಿ," ಎಂದೆ.

"ಮೊದಲು ಮುಗಿಸು."

"ಇಲ್ಲ. ಹೇಳಿ."

ಅವರು ಬಾಲ್ಕನಿಯ ಕಡೆ ನೋಡುತ್ತ ಹೇಳಿದರು. ಇಲ್ಲಿನ ಆಫೀಸು ಮುಚ್ಚುತ್ತದೆ. ಕೆಲಸವೆಲ್ಲ ರಿಯಾದಿಗೆ ಹೋಗುತ್ತದೆ. ಅಲ್ಲಿಗೆ ಬರುವವರು ಬರಬಹುದು, ಬರದವರು ಊರಿಗೆ ಹೋಗಬಹುದು.

"ಯಾವಾಗ ಗೊತ್ತಾದದ್ದು?"

"ಸುಮಾರು ದಿನ ಆಯ್ತು. ನಿನಗೆ ಮೇಡಂ ಈ ಕತ್ತಿ ಕೊಟ್ಟರಲ್ಲ, ಅದಕ್ಕಿಂತ ಸ್ವಲ್ಪ ಮೊದಲು."

"ನೀವು ಎಂತ ಹೇಳಿದ್ರಿ ಅವರಿಗೆ?"

"ಬರ್ತೇನೆ ಅಂತ ಹೇಳಿದ್ದೇನೆ," ಎಂದರು. "ನೀನೂ ಮಗಳೂ ಸದ್ಯಕ್ಕೆ ಊರಲ್ಲಿ ನಿನ್ನ ಅಮ್ಮನ ಹತ್ರ ಇರಿ. ನಾನು ಅಲ್ಲಿ ಬ್ಯಾಚುಲರ್ ರೂಮಿನಲ್ಲಿ ಇರ್ತೇನೆ. ಒಂದೆರಡು ವರ್ಷ ಕಳೀಲಿ."

ನನ್ನ ಕೈಯಲ್ಲಿ ಕತ್ತಿ ಇತ್ತು. ಅದನ್ನು ತೊಳೆದು, ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಹಾಕಿದೆ.

"ದಿನಾ ನಿಮ್ಮ ಮುಖ ನನ್ನ ಕೈಯಲ್ಲೇ ಇತ್ತು," ಎಂದೆ. "ಒಂದು ದಿನ ಹೇಳ್ಲಿಕ್ಕೆ ಆಗ್ಲಿಲ್ಲವಾ?"

"ಹೇಗೆ ಹೇಳುದು? ಗಂಟಲ ಮೇಲೆ ಕತ್ತಿ ಉಂಟು."

ಬೇರೆ ದಿನವಾದರೆ ನಗುತ್ತಿದ್ದೆನೇನೋ. ಆ ದಿನ ಚಪ್ಪಲಿ ಹಾಕಿಕೊಂಡು ಕೆಳಗೆ ಇಳಿದುಬಿಟ್ಟೆ. ಎಲ್ಲಿಗೆ ಹೋಗುವುದೆಂದು ಗೊತ್ತಿರಲಿಲ್ಲ. ಬೆಳಗ್ಗೆಯೇ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಕಟ್ಟಡಕ್ಕೆ ಒಂದು ಸುತ್ತು ಹಾಕಿದೆ, ಇನ್ನೊಂದು ಸುತ್ತು ಹಾಕಿದೆ, ಆಮೇಲೆ ಮೂಲೆಯ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಗೆ ಹೋಗಿ ಫ್ರಿಜ್ಜಿನ ಮುಂದೆ ನಿಂತೆ. ಹಾಲು ಬೇಕಿರಲಿಲ್ಲ, ಹಾಲು ತೆಗೆದೆ. ಮೊಸರು ಬೇಕಿರಲಿಲ್ಲ, ಅದನ್ನೂ ತೆಗೆದೆ. ಕೋಪ ಬಂದದ್ದು ರಿಯಾದಿನ ಮೇಲಲ್ಲ. ಕೊಲ್ಲಿಗೆ ಬಂದವರ ಪಾಡು ಇಷ್ಟೇ ಎಂದು ನನಗೂ ಗೊತ್ತು. ಆದರೆ ನನ್ನನ್ನೂ ಮಗಳನ್ನೂ ಸೂಟ್‌ಕೇಸಿನ ಹಾಗೆ ಎಲ್ಲಿಡುವುದೆಂದು ಒಬ್ಬರೇ ಕೂತು ತೀರ್ಮಾನ ಮಾಡಿದ್ದರಲ್ಲ.

ಹಿಂದಿನಿಂದ ಅಂಗಡಿಯ ಮಲಯಾಳಿ ಕಾಕಾ "ಅಯ್ಯೋ!" ಎಂದದ್ದು ಕೇಳಿ ತಿರುಗಿದೆ. ಬಾಗಿಲಲ್ಲಿ ನನ್ನ ಗಂಡ ನಿಂತಿದ್ದರು. ಒಂದು ಕಡೆ ನುಣ್ಣಗೆ ಹೊಳೆಯುವ ಕೆನ್ನೆ, ಇನ್ನೊಂದು ಕಡೆ ಒಣಗಿ ಬಿರುಕು ಬಿಟ್ಟ ನೊರೆ. ಕುತ್ತಿಗೆಯಲ್ಲಿ ಟವಲು ಹಾಗೇ ಇತ್ತು.

"ಕ್ಯಾ ಹುವಾ ಸಾಬ್?" ಎಂದರು ಕಾಕಾ.

"ಕುಛ್ ನಹೀ. ಪಾನಿ ಖತಂ ಹೋ ಗಯಾ," ಎಂದು ಇವರು ಸುಳ್ಳು ಹೇಳಿದರು. ನೀರು ಬೇಕಾದಷ್ಟು ಇತ್ತು. ನನ್ನ ಕೈಯಿಂದ ಹಾಲು, ಮೊಸರು ತೆಗೆದುಕೊಂಡು ಮೆಲ್ಲಗೆ ಕೇಳಿದರು: "ಈಗ ನಾನು ಆಫೀಸಿಗೆ ಹೋಗುದಾ ಬೇಡವಾ? ನೀನೇ ಹೇಳು."

"ಹೋಗಿ, ಹೀಗೇ ಹೋಗಿ," ಎಂದೆ. ಅವರ ಮುಖ ನೋಡಿ ತುಟಿ ಬಿಗಿ ಹಿಡಿಯಬೇಕಾಯಿತು. ಕಾಕಾ ನಕ್ಕೇಬಿಟ್ಟರು. ಆಮೇಲೆ ನನಗೂ ತಡೆಯಲಾಗಲಿಲ್ಲ. ಮೆಟ್ಟಿಲು ಹತ್ತುವಾಗ ನಗು ಹೋಗಿ ಅಳು ಬಂತು. ಅವರು ಒಂದು ಮೆಟ್ಟಿಲು ಹಿಂದೆ ಬಂದರು.

ಮನೆಯೊಳಗೆ ಬಂದ ಮೇಲೆ ನಾನು ಹೇಳಿದ ಮಾತಿಗೆ ನನಗೇ ಆಶ್ಚರ್ಯವಾಯಿತು. "ನಾನು ಊರಿಗೆ ಹೋಗುದಿಲ್ಲ. ಮಗಳ ಶಾಲೆ ಇಲ್ಲಿ ಉಂಟು. ನನ್ನ ಕೆಲಸ ಇಲ್ಲಿ ಉಂಟು. ನೀವು ಹೋಗಿ ಬನ್ನಿ."

"ವೀಸಾ? ನಿನ್ನ ವೀಸಾ ನನ್ನ ಹೆಸರಿನಲ್ಲಿ ಉಂಟಲ್ಲ. ನಾನು ಹೋದ್ರೆ ಅದೂ ಹೋಗ್ತದೆ."

"ಮೇಡಂ ಹತ್ರ ಕೇಳ್ತೇನೆ."

ಎಡಗಡೆಯನ್ನು ಆ ದಿನ ಅವರೇ ತಮ್ಮ ಪ್ಲಾಸ್ಟಿಕ್ ರೇಜರಿನಿಂದ ತೆಗೆದುಕೊಂಡು ಆಫೀಸಿಗೆ ಹೋದರು.

ಮೇಡಂ ಹತ್ತಿರ ಕೇಳುತ್ತೇನೆ ಎಂದದ್ದೇನೋ ಹೌದು, ಕೇಳಲಿಕ್ಕೆ ಅವರು ನಿಲ್ಲಬೇಕಲ್ಲ. ಶನಿವಾರ ಇಡೀ ದಿನ ಅವರ ಹಿಂದೆ ಸುತ್ತಿದೆ. ಕೊನೆಗೆ ಅವರು ಕಾರು ಹತ್ತುವಾಗ ಬಾಗಿಲು ಹಿಡಿದುಕೊಂಡು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಗಂಡ ರಿಯಾದಿಗೆ, ನನಗೆ ಸಲೂನಿನ ವೀಸಾ ಬೇಕು, ಮಗಳನ್ನೂ ಇಟ್ಟುಕೊಳ್ಳಬೇಕು. ಮೇಡಂ ಕೀ ತಿರುಗಿಸುವುದನ್ನು ನಿಲ್ಲಿಸಿದರು. ಸ್ವಲ್ಪ ಯೋಚಿಸಿ, ಕಾರಿನಿಂದ ಇಳಿದು ಸೀದಾ ಒಳಗೆ ಹೋಗಿ ಕುರ್ಚಿಯಲ್ಲಿ ಒರಗಿದರು.

"ಮೊದಲು ನನಗೆ ಮಾಡು. ಆಮೇಲೆ ಮಾತು."

ಪೆಟ್ಟಿಗೆ ನನ್ನ ಚೀಲದಲ್ಲೇ ಇತ್ತು. ಕತ್ತಿಯನ್ನು ತೊಳೆದು ಕೆಲಸಕ್ಕೆ ಸಿದ್ಧ ಮಾಡಿದೆ. ಸಲೂನಿನ ಹುಡುಗಿಯರೆಲ್ಲ ಸುತ್ತ ನಿಂತರು. ಬಿಸಿ ಟವಲು ಹಾಕಿದೆ, ನೊರೆ ಹಚ್ಚಿದೆ. ಗಂಡಸಿನ ಗಡ್ಡ ಬೇರೆ, ಇದು ಬೇರೆ. ರೋಮ ಕಣ್ಣಿಗೇ ಕಾಣುವುದಿಲ್ಲ, ಚರ್ಮ ರೇಷ್ಮೆಯ ಹಾಗೆ ಜಾರುತ್ತದೆ. ಹಣೆಯಿಂದ ಶುರು ಮಾಡಿದೆ. ಹಣೆ ಮುಗಿಸಿ ಕೆನ್ನೆಗೆ ಬಂದಾಗ ಅವರ ಫೋನು ಹೊಡೆದುಕೊಂಡಿತು. ಮೇಡಂ ತೆಗೆದು, ಯಾರೊಂದಿಗೋ ಅರಬಿಯಲ್ಲಿ ಜೋರಾಗಿ ಮಾತಾಡತೊಡಗಿದರು. ಕೆನ್ನೆ ಮೇಲಕ್ಕೂ ಕೆಳಕ್ಕೂ ಹಾರುತ್ತಿತ್ತು.

ನಾನು ಕತ್ತಿ ಎತ್ತಿ ಹಿಡಿದು ಕಾದೆ. ಮಾತು ಮುಗಿಯಲಿಲ್ಲ.

"ಮೇಡಂ, ಫೋನು ಇಡಿ," ಎಂದೆ.

ಹುಡುಗಿಯರು ನನ್ನ ಮುಖ ನೋಡಿದರು. ಮೇಡಂ ಒಂದು ಕಣ್ಣು ಬಿಟ್ಟರು.

"ಇಡಿ. ಇಲ್ಲದಿದ್ದರೆ ನಾನು ಮಾಡುವುದಿಲ್ಲ. ಬಾಯಿ ಮುಚ್ಚಿ, ಹಲ್ಲು ಸಡಿಲ ಬಿಡಿ."

ಅವರ ಜೊತೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಬೈಯುತ್ತಾರೆ ಎಂದುಕೊಂಡೆ. ಅವರು ಫೋನಿಗೆ "ಖಲಾಸ್, ಖಲಾಸ್" ಎಂದು ಹೇಳಿ ಮಡಿಲಲ್ಲಿಟ್ಟು ಕಣ್ಣು ಮುಚ್ಚಿದರು. ಎರಡು ಕೆನ್ನೆ, ಗಲ್ಲ, ಕೊನೆಗೆ ಮೇಲ್ದುಟಿ ಮುಗಿಸಿದೆ. ತಣ್ಣೀರಿನ ಟವಲು ಹಾಕಿದ ಮೇಲೆ ಅವರು ಕನ್ನಡಿಗೆ ಮುಖ ಹತ್ತಿರ ತಂದು ಅತ್ತ ಇತ್ತ ತಿರುಗಿಸಿ ನೋಡಿದರು. ಒಂದು ಚುಕ್ಕೆಯೂ ಇರಲಿಲ್ಲ. "ಆ ಮುದುಕಿಯಷ್ಟು ಬಂದಿಲ್ಲ," ಎಂದರು. ಮತ್ತೆ ಕೆನ್ನೆ ಸವರಿಕೊಂಡು, "ಬರುತ್ತದೆ, ಇನ್ಶಾ ಅಲ್ಲಾ. ನಾಳೆ ಪಾಸ್‌ಪೋರ್ಟ್ ತೆಗೆದುಕೊಂಡು ಬಾ."

ಆದರೆ ಆ ಕತ್ತಿ ಸಲೂನಿನಲ್ಲಿ ನಡೆಯಲಿಲ್ಲ. ಒಬ್ಬರಿಗೆ ಹಾಕಿದ ಕತ್ತಿಯನ್ನು ಇನ್ನೊಬ್ಬರಿಗೆ ಹಾಕುವಂತಿಲ್ಲ, ಪ್ರತಿ ಗಿರಾಕಿಗೂ ಹೊಸ ಬ್ಲೇಡು ಬೇಕು ಎಂದು ಮೇಡಂ ಯಾರಿಂದಲೋ ತಿಳಿದುಕೊಂಡು ಬಂದರು. ಅದೇ ಆಕಾರದ, ಬ್ಲೇಡು ಬದಲಿಸುವ ಹಿಡಿಗಳನ್ನು ತರಿಸಿದರು. ಮಸೆಯುವ ರಗಳೆ ಇಲ್ಲ, ತೂಕವೂ ಇಲ್ಲ. ಮದುವೆ ಸೀಸನ್ನಿಗೆ ಮದುಮಗಳಾಗುವ ಹುಡುಗಿಯರು ಬರತೊಡಗಿದರು. ಅವರಲ್ಲಿ ಅರ್ಧ ಜನ ನನ್ನ ಅಮ್ಮ ಕೇಳಿದ್ದನ್ನೇ ಅರಬಿಯಲ್ಲಿ ಕೇಳುತ್ತಿದ್ದರು.

ಗಂಡ ರಿಯಾದಿಗೆ ಹೋದರು. ಕಂಪೆನಿಯ ಫ್ಲ್ಯಾಟು ಬಿಟ್ಟುಕೊಟ್ಟು ನಾನೂ ಮಗಳೂ ಸಲೂನಿನ ಹತ್ತಿರವೇ, ಮುಹರ್ರಕ್‌ನಲ್ಲಿ ಒಂದು ಚಿಕ್ಕ ಮನೆಗೆ ಬಂದೆವು. ತಲೆಯ ಮೇಲೆ ವಿಮಾನಗಳು ಇಳಿಯುತ್ತಲೇ ಇರುತ್ತವೆ. ಮಾತಿನ ನಡುವೆ ನಿಲ್ಲಿಸಿ, ಶಬ್ದ ದಾಟಿದ ಮೇಲೆ ಮುಂದುವರಿಸುವುದು ಅಭ್ಯಾಸವಾಗಿದೆ. ಮೊದಲ ತಿಂಗಳು ಅವರಿಗೆ ಬರಲಾಗಲಿಲ್ಲ. ವೀಡಿಯೊ ಕಾಲ್ ಮಾಡಿದರೆ ಅವರ ಕ್ಯಾಮೆರಾ ಚಾವಣಿಯ ಫ್ಯಾನಿನ ಕಡೆಗೇ ಇರುತ್ತಿತ್ತು. ತಿಂಗಳು ಕಳೆದು ಒಂದು ಗುರುವಾರ ಸಂಜೆ, ವಾರದ ರಜೆಗೆ ರಿಯಾದಿನ ಬಸ್ಸಿನಲ್ಲಿ ಬಂದಿಳಿದಾಗ ಮಗಳು ಗುರುತು ಹಿಡಿಯದೆ ನನ್ನ ಹಿಂದೆ ಸರಿದಳು. ಮುಖದ ತುಂಬ ಗಡ್ಡ.

"ಎಂತ ಇದು?" ಎಂದೆ.

"ಅಲ್ಲಿ ಯಾರು ಮಾಡ್ಲಿಕ್ಕುಂಟು?" ಎಂದರು.

"ನಾಳೆ ಬೆಳಗ್ಗೆ ತೆಗೀತೇನೆ."

"ಇರ್ಲಿ ಮಾರಾಯ್ತಿ. ಸ್ವಲ್ಪ ದಿನ ಇರ್ಲಿ."

ಶುಕ್ರವಾರ ಊಟ ಮಾಡಿ ಅವರು ಮಲಗಿದ್ದಾಗ ಹತ್ತಿರ ಕೂತು ನೋಡಿದೆ. ಗಲ್ಲದ ಹತ್ತಿರ ಬಿಳಿ ಕೂದಲು ಬಂದಿದ್ದವು. ದಿನವೂ ತೆಗೆಯುವಾಗ ನೊರೆಯಲ್ಲಿ ಅವು ಕಂಡೇ ಇರಲಿಲ್ಲ. ದವಡೆಯ ಮೂಲೆಗೆ ಬೆರಳು ಇಟ್ಟು ನೋಡೋಣ ಎನ್ನಿಸಿತು. ಎಚ್ಚರವಾದರೆ ಎಂದು ಸುಮ್ಮನಾದೆ. ಎದ್ದ ಮೇಲೆ ಅವರು, ಮುಂದಿನ ವರ್ಷ ಎಲ್ಲರೂ ರಿಯಾದಿಗೇ ಬಂದರೆ ಹೇಗೆ ಎಂದು ಕೇಳಿದರು. ಈ ಸಲ ಕೇಳಿದರು, ಅಷ್ಟೇ ನನಗೆ ಸಾಕಿತ್ತು. ಮಗಳ ಪರೀಕ್ಷೆ ಮುಗಿಯಲಿ, ನೋಡುವ ಎಂದೆ.

ಸಂಜೆ ಸಲೂನಿನಲ್ಲಿ ಮದುಮಗಳೊಬ್ಬಳು ಕಾಯುತ್ತಿದ್ದಳು. ಮೇಡಂ ಆಗಲೇ ಎರಡು ಸಲ ಫೋನು ಮಾಡಿದ್ದರು. ಚಹಾ ಮಾಡಿ ಅವರ ಮುಂದೆ ಇಟ್ಟು, ಒಲೆ ಆರಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ.